ಕೋಡೆಕ್ ಹಾಕುವ ಮೊದಲು, ಹಾಕಿ ಕೆಟ್ಟ ಮೇಲೆ

ಡೊಂಬಿವಿಲಿಯ ನಮ್ಮ ಬಿಲ್ಡಿಂಗಿನಲ್ಲಿ ಮಳೆಗಾಲ ಬಂತೆಂದರೆ ನನಗೆ ಎರಡು ಬಗೆಯ ಫೋನ್ ಬರುತ್ತದೆ. ಒಂದು, ಊರಿನ ಯಕ್ಷಗಾನ ಮೇಳ ಮುಂಬಯಿ ತಿರುಗಾಟಕ್ಕೆ ಬಂದಿದೆ, ಮಾಟುಂಗಕ್ಕೆ ಆಟ ನೋಡಲು ಬರ್ತೀರಾ ಅಂತ. ಇನ್ನೊಂದು, ಅದೇ ಆಟವನ್ನು ಯಾರೋ ಕ್ಯಾಮೆರಾದಲ್ಲಿ ಹಿಡಿದು ಪೆನ್‌ಡ್ರೈವಿಗೆ ಹಾಕಿ ಕೊಟ್ಟಿದ್ದಾರೆ, ಕಂಪ್ಯೂಟರಿನಲ್ಲಿ ಚೆಂಡೆ ಕೇಳುತ್ತದೆ, ವೇಷ ಕಾಣುವುದಿಲ್ಲ ಅಂತ.

ಹೋದ ವರ್ಷ ಮೂರನೇ ಮಹಡಿಯಿಂದ ಬಂದದ್ದು ಎರಡನೆಯ ಬಗೆಯದು. ನಾನು ಹೋಗುವಷ್ಟರಲ್ಲಿ ಆ ಮನೆಯ ಮಗ ಒಂದು ಕೋಡೆಕ್ ಪ್ಯಾಕ್, ಅಂದರೆ ವಿಡಿಯೊ ಬಿಚ್ಚಿ ತೋರಿಸುವ ತಂತ್ರಾಂಶಗಳ ಕಟ್ಟು, ಇಳಿಸಿ ಹಾಕಿದ್ದ. ಸರಿಯಾಗಲಿಲ್ಲ, ಇನ್ನೊಂದು ಹಾಕಿದ. ಅದೂ ಆಗಲಿಲ್ಲ, ಮೂರನೆಯದು. ಈಗ ಚೆಂಡೆಯೂ ಇಲ್ಲ. ಗಡಿಯಾರದ ಪಕ್ಕ ಗುರುತಿಲ್ಲದ ನಾಲ್ಕೈದು ಚಿಹ್ನೆಗಳು ಸಾಲಾಗಿ ಕೂತಿದ್ದವು. ವಿಡಿಯೊ ಇರುವ ಫೋಲ್ಡರ್ ತೆರೆದರೆ ಕಿಟಕಿ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಹಿಂದಿನ ದಿನದವರೆಗೆ ಚೆನ್ನಾಗಿ ಓಡುತ್ತಿದ್ದ ಮೊಮ್ಮಗಳ ನಾಮಕರಣದ ಹಳೆಯ ವಿಡಿಯೊ ತಲೆಕೆಳಗಾಗಿ ಓಡುತ್ತಿತ್ತು. ತೊಟ್ಟಿಲು ಮೇಲೆ, ಭಟ್ಟರು ಛಾವಣಿಯಿಂದ ನೇತಾಡುತ್ತಿದ್ದರು. ಅಜ್ಜಿಗೆ ನಗುವೋ ಅಳುವೋ ಗೊತ್ತಾಗಲಿಲ್ಲ.

ಯಕ್ಷಗಾನದ ಫೈಲನ್ನು ಓಡಿಸಲು ನನಗೆ ಬೇಕಾದದ್ದು ಐದು ನಿಮಿಷ. ಆ ಮೂರು ಪ್ಯಾಕುಗಳನ್ನು ಬಿಡಿಸಲು ಇಡೀ ಸಂಜೆ ಹೋಯಿತು. ಅಂಥ ಸಂಜೆ ನಿಮಗೆ ಬರಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ವಿಂಡೋಸ್ ಇರುವ ಮನೆಯ ಕಂಪ್ಯೂಟರಿಗೆ ಸೇರಿದ ಮಾತಿದು.

ಡಬ್ಬಿ ಬೇರೆ, ಊಟ ಬೇರೆ

ದಾದರಿನಲ್ಲಿ ಡಬ್ಬಾವಾಲಾಗಳು ಹೊತ್ತು ಸಾಗುವುದನ್ನು ನೋಡಿದ್ದೀರಲ್ಲ. ಹೊರಗಿನಿಂದ ಎಲ್ಲ ಡಬ್ಬಿಗಳೂ ಹೆಚ್ಚುಕಡಿಮೆ ಒಂದೇ. ಒಳಗೆ ಒಬ್ಬರದು ಪೋಳಿ-ಭಾಜಿ, ಇನ್ನೊಬ್ಬರದು ಕುಚ್ಚಲಕ್ಕಿ ಅನ್ನ, ಮೀನು ಸಾರು. ಎಂಪಿ4, ಎಂಕೆವಿ, ಎವಿಐ, ಎಂಒವಿ ಇವೆಲ್ಲ ಡಬ್ಬಿಯ ಹೆಸರುಗಳು. ಊಟದ ಹೆಸರು ಬೇರೆ. ಚಿತ್ರಕ್ಕೆ ಎಚ್.264, ಎಚ್.265, ವಿಪಿ9, ಎವಿ1, ಹಳೆಯ ಡಿವ್‌ಎಕ್ಸ್. ಧ್ವನಿಗೆ ಎಂಪಿ3, ಎಎಸಿ, ಎಸಿ-3, ಡಿಟಿಎಸ್. ಚಿತ್ರ ಮತ್ತು ಧ್ವನಿಯನ್ನು ಕುಗ್ಗಿಸಿ ಕಟ್ಟುವುದು, ನೋಡುವಾಗ ಮತ್ತೆ ಬಿಚ್ಚುವುದು, ಇದು ಕೋಡೆಕ್ ಮಾಡುವ ಕೆಲಸ. ‘ನನ್ನದು ಎಂಪಿ4, ಆದರೂ ಓಡೋದಿಲ್ಲ’ ಅಂದರೆ ಡಬ್ಬಿಯ ಬಣ್ಣ ಹೇಳಿದ ಹಾಗಾಯಿತು. ಒಳಗೇನಿದೆ ಅಂತ ಮುಚ್ಚಳ ತೆಗೆದು ನೋಡಬೇಕು.

ಪ್ಯಾಕ್ ಹಾಕುವ ಚಟ ವಿಂಡೋಸ್ ಎಕ್ಸ್‌ಪಿ ಕಾಲದ್ದು. ಆಗ ಅದು ಚಟವಲ್ಲ, ಗತಿಯೇ ಅದು. ಎಕ್ಸ್‌ಪಿಗೆ ಡಿವಿಡಿಯೂ ಬರುತ್ತಿರಲಿಲ್ಲ, ಡಿವ್‌ಎಕ್ಸ್ ಕೂಡ ಬರುತ್ತಿರಲಿಲ್ಲ. ಲ್ಯಾಮಿಂಗ್ಟನ್ ರೋಡಿನಲ್ಲಿ ಜೋಡಿಸಿ ತಂದ ನನ್ನ ಮೊದಲ ಕಂಪ್ಯೂಟರಿಗೆ ಅಂಗಡಿಯ ಹುಡುಗನೇ ಕೇಳದೆ ಒಂದು ಪ್ಯಾಕ್ ತುರುಕಿ ಕೊಟ್ಟಿದ್ದ, ಮದುವೆ ಊಟದಲ್ಲಿ ಬೇಡವೆಂದರೂ ಬಡಿಸುವ ಹಾಗೆ. 2009ರ ವಿಂಡೋಸ್ 7 ಬರುವಾಗಲೇ ಎಚ್.264, ಎಎಸಿ, ಡಿವ್‌ಎಕ್ಸ್ ಜಾತಿಯವನ್ನು ಒಳಗೇ ಹೊತ್ತು ತಂದಿತು. 2015ರ ವಿಂಡೋಸ್ 10ರಲ್ಲಿ ಎಂಕೆವಿ ಡಬ್ಬಿಯೂ ಫ್ಲ್ಯಾಕ್ ಧ್ವನಿಯೂ ಸೇರಿಕೊಂಡವು. ಗತಿ ಬದಲಾಯಿತು, ಕೈಯ ಅಭ್ಯಾಸ ಮಾತ್ರ ಹಾಗೇ ಉಳಿಯಿತು.

ಇವು ಒಳಗೆ ಯಾಕೆ ಜಗಳ ಆಡುತ್ತವೆ

ವಿಂಡೋಸಿನಲ್ಲಿ ಡೈರೆಕ್ಟ್‌ಶೋ ಎಂಬ ಹಳೆಯ ಏರ್ಪಾಡು ಇದೆ. ವಿಸ್ಟಾ ಕಾಲದಲ್ಲಿ ಬಂದ ಮೀಡಿಯಾ ಫೌಂಡೇಶನ್ ಹೊಸದು. ಎರಡೂ ಇಂದಿಗೂ ಒಟ್ಟಿಗೆ ಇವೆ. ಡೈರೆಕ್ಟ್‌ಶೋದಲ್ಲಿ ಪ್ರತಿಯೊಂದು ಕೋಡೆಕ್‌ಗೂ ಮೆರಿಟ್ ಎಂಬ ಅಂಕ ಇರುತ್ತದೆ. ಒಂದು ಫೈಲನ್ನು ಬಿಚ್ಚಬಲ್ಲವರು ನಾಲ್ಕು ಮಂದಿ ಇದ್ದರೆ ಹೆಚ್ಚು ಅಂಕದವನಿಗೆ ಕೆಲಸ. ತಮಾಷೆ ಏನೆಂದರೆ ಆ ಅಂಕವನ್ನು ಕೋಡೆಕ್ ತನಗೆ ತಾನೇ ಬರೆದುಕೊಂಡು ಬರುತ್ತದೆ. ಸಂಘದ ವಾರ್ಷಿಕ ಸಭೆಯಲ್ಲಿ ಮೈಕು ಯಾರ ಕೈಗೆ ಹೋಗುತ್ತದೆ ಅಂತ ನಿಮಗೆ ಗೊತ್ತು. ವಿಷಯ ಗೊತ್ತಿದ್ದವರ ಕೈಗಲ್ಲ.

ಹೀಗೆ ಒಳಬಂದ ಕೋಡೆಕ್ ಒಬ್ಬ ಪ್ಲೇಯರಿನ ಸ್ವತ್ತಲ್ಲ, ಇಡೀ ಕಂಪ್ಯೂಟರಿನ ಸ್ವತ್ತು. ಫೋಲ್ಡರಿನಲ್ಲಿ ವಿಡಿಯೊದ ಪುಟ್ಟ ಚಿತ್ರ ತೋರಿಸಲು ವಿಂಡೋಸ್ ಅದನ್ನೇ ಕರೆಯುತ್ತದೆ. ಎಡಿಟಿಂಗ್ ತಂತ್ರಾಂಶ ಅದನ್ನೇ ಕರೆಯಬಹುದು, ಗೇಮ್ ಕೂಡ. ಅದರಲ್ಲೊಂದು ತಪ್ಪಿದ್ದರೆ ಸಂಬಂಧವೇ ಇಲ್ಲದ ಜಾಗದಲ್ಲಿ ಏಟು ಬೀಳುತ್ತದೆ. ಇದರ ಮೇಲೆ 32 ಬಿಟ್, 64 ಬಿಟ್ ಎಂಬ ಎರಡು ಪಂಕ್ತಿ. 32 ಬಿಟ್ ಪ್ಲೇಯರಿಗೆ 32 ಬಿಟ್ ಕೋಡೆಕ್ಕೇ ಬೇಕು, 64ಕ್ಕೆ 64. ಒಂದು ಪ್ಲೇಯರಿನಲ್ಲಿ ಓಡಿದ್ದು ಪಕ್ಕದ ಪ್ಲೇಯರಿನಲ್ಲಿ ಓಡದಿರುವುದಕ್ಕೆ ಎಷ್ಟೋ ಸಲ ಇಷ್ಟೇ ಕಾರಣ.

ಫೈಲ್ ಓಡುತ್ತಿಲ್ಲವೇ? ಈ ಕ್ರಮದಲ್ಲಿ ನೋಡಿ

ಮೊದಲನೆಯದು, ಫೈಲ್ ಪೂರ್ತಿ ಇದೆಯೇ. ಪೆನ್‌ಡ್ರೈವಿನಿಂದಲೇ ಓಡಿಸಬೇಡಿ, ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಕೊಟ್ಟವರ ಕಂಪ್ಯೂಟರಿನಲ್ಲಿ ಎಷ್ಟು ಗಾತ್ರ ಇತ್ತೋ ನಿಮ್ಮಲ್ಲೂ ಅಷ್ಟೇ ಇದೆಯೇ ಎಂದು ಬೈಟಿನ ಲೆಕ್ಕದಲ್ಲಿ ಹೋಲಿಸಿ. ಹಳೆಯ ಪೆನ್‌ಡ್ರೈವುಗಳು ಫ್ಯಾಟ್32 ಬಗೆಯವು, 4 ಜಿಬಿಯಷ್ಟು ದೊಡ್ಡ ಒಂದೇ ಫೈಲ್ ಅದರಲ್ಲಿ ಹಿಡಿಯುವುದಿಲ್ಲ. ಇಡೀ ರಾತ್ರಿಯ ಆಟ ಅಷ್ಟರಲ್ಲಿ ಮುಗಿಯುತ್ತದೆಯೇ? ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ ಮತ್ತೆ ತರಬೇಕು. ಇನ್ನೊಂದು ವಿಷಯ. ಸಾಮಾನ್ಯವಾಗಿ ಕ್ಯಾಮೆರಾ ಎಂಪಿ4 ಫೈಲಿನ ಸೂಚಿಯನ್ನು ರೆಕಾರ್ಡಿಂಗ್ ನಿಲ್ಲಿಸುವಾಗ ಬರೆಯುತ್ತದೆ. ನಡುವೆ ಬ್ಯಾಟರಿ ಹೋದರೆ ಆ ಸೂಚಿಯೇ ಇರುವುದಿಲ್ಲ. ಅಂಥ ಫೈಲಿಗೆ ಲೋಕದ ಎಲ್ಲ ಕೋಡೆಕ್ ಹಾಕಿದರೂ ಪ್ರಯೋಜನವಿಲ್ಲ. ಅದಕ್ಕೆ ಫೈಲ್ ರಿಪೇರಿಯ ತಂತ್ರಾಂಶ ಬೇರೆಯೇ ಇದೆ, ಅದೇ ಕ್ಯಾಮೆರಾದ ಒಂದು ಒಳ್ಳೆಯ ಫೈಲನ್ನು ಮಾದರಿಗೆ ಕೊಟ್ಟರೆ ಕೆಲವೊಮ್ಮೆ ಬದುಕಿಸುತ್ತದೆ.

ಎರಡನೆಯದು, ವಿಎಲ್‌ಸಿ ಎಂಬ ಉಚಿತ ಪ್ಲೇಯರಿನಲ್ಲಿ ಓಡಿಸಿ. 1996ರಲ್ಲಿ ಪ್ಯಾರಿಸ್ ಬಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಶುರು ಮಾಡಿದ ಯೋಜನೆಯಿಂದ ಬಂದದ್ದಿದು. ಇದರ ಗುಣವೆಂದರೆ ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಬರುತ್ತದೆ. ಬೇಕಾದ ಕೋಡೆಕ್‌ಗಳೆಲ್ಲ ಅದರ ಹೊಟ್ಟೆಯೊಳಗೇ ಇವೆ, ಬೇರೆ ಯಾರ ಜೊತೆಗೂ ಜಗಳವಿಲ್ಲ. ಅದನ್ನು ಹೊರತರುವ ವಿಡಿಯೊಲ್ಯಾನ್ ಸಂಸ್ಥೆಯ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. 2022ರಲ್ಲಿ ಕೆಲವು ತಿಂಗಳು ಆ ತಾಣ ಭಾರತದಲ್ಲಿ ತೆರೆಯುತ್ತಿರಲಿಲ್ಲ. ಆಗ ಹುಡುಕಿದವರು ಎಲ್ಲೆಲ್ಲಿಂದಲೋ ಇಳಿಸಿಕೊಂಡರು. ಆ ಕಾಲದ ಪ್ರತಿ ನಿಮ್ಮಲ್ಲಿದ್ದರೆ ತೆಗೆದು ಹೊಸದು ಹಾಕಿ, ತಾಣ ಅದೇ ವರ್ಷದ ಕೊನೆಗೆ ಮತ್ತೆ ತೆರೆದಿದೆ. ವಿಎಲ್‌ಸಿ ಹಿಡಿಸದವರಿಗೆ ಎಂಪಿಸಿ-ಎಚ್‌ಸಿ ಇದೆ, ಅದೂ ತನ್ನ ಬುತ್ತಿ ತಾನೇ ತರುತ್ತದೆ. ಹಳೆಯ ತಂಡ 2017ರಲ್ಲಿ ಕೈಬಿಟ್ಟ ಮೇಲೆ ಬೇರೆಯವರು ಮುಂದುವರಿಸುತ್ತಿರುವ ಆವೃತ್ತಿಯನ್ನು ನೋಡಿ ತೆಗೆದುಕೊಳ್ಳಿ.

ಓಡಿತೇ? ಹಾಗಾದರೆ ಕೆಲಸ ಮುಗಿಯಿತು, ಏನೂ ಹಾಕಬೇಡಿ. ಫೈಲಿನ ಮೇಲೆ ಬಲ ಕ್ಲಿಕ್, ಓಪನ್ ವಿತ್, ವಿಎಲ್‌ಸಿ ಆರಿಸಿ, ಯಾವಾಗಲೂ ಇದೇ ಎಂದು ಒಪ್ಪಿಸಿಬಿಡಿ. ಮೂರನೇ ಮಹಡಿಯ ಯಕ್ಷಗಾನಕ್ಕೆ ಬೇಕಾಗಿದ್ದುದು ಇಷ್ಟೇ.

ಮೂರನೆಯದು, ಮುಚ್ಚಳ ತೆಗೆದು ನೋಡುವುದು. ವಿಎಲ್‌ಸಿಯಲ್ಲಿ ಫೈಲ್ ಓಡುತ್ತಿರುವಾಗ ಕಂಟ್ರೋಲ್ ಮತ್ತು ಜೆ ಒಟ್ಟಿಗೆ ಒತ್ತಿ. ಚಿತ್ರ ಯಾವ ಕೋಡೆಕ್, ಧ್ವನಿ ಯಾವ ಕೋಡೆಕ್ ಎಂದು ಬರೆದಿರುತ್ತದೆ. ಇನ್ನೂ ವಿವರ ಬೇಕಾದರೆ ಮೀಡಿಯಾಇನ್ಫೊ ಎಂಬ ಉಚಿತ ಸಾಧನ ಸಾಕು. ಅಲ್ಲಿ ಎಚ್‌ಇವಿಸಿ ಅಥವಾ ಎಚ್.265 (ಎರಡೂ ಒಂದೇ) ಎಂದು ಕಂಡರೆ, ವಿಂಡೋಸಿನ ಸ್ವಂತ ಪ್ಲೇಯರಿನಲ್ಲಿ ಚೆಂಡೆ ಕೇಳಿ ವೇಷ ಕಾಣದಿದ್ದ ಒಗಟು ಬಿಡಿಸಿದಂತೆ. 2013ರಲ್ಲಿ ಬಂದ ಈ ಮಾದರಿಗೆ ಪೇಟೆಂಟುಗಳ ಗೋಜಲಿದೆ. ಅದಕ್ಕೇ ವಿಂಡೋಸ್ ಇದನ್ನು ಎಲ್ಲರಿಗೂ ಪುಕ್ಕಟೆ ಕೊಡುವುದಿಲ್ಲ. ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ಎಚ್‌ಇವಿಸಿ ವಿಡಿಯೊ ಎಕ್ಸ್‌ಟೆನ್ಶನ್ಸ್ ಎಂಬುದು ಸಣ್ಣ ಬೆಲೆಗೆ ಸಿಗುತ್ತದೆ. ಫೋಟೋಸ್ ಆ್ಯಪಿನಲ್ಲಿ, ಫೋಲ್ಡರಿನ ಪುಟ್ಟ ಚಿತ್ರಗಳಲ್ಲಿ ಕೂಡ ಕಾಣಬೇಕು ಅನ್ನುವವರು ಅದನ್ನು ಹಾಕಿಕೊಳ್ಳಬಹುದು. ಎವಿ1 ಮತ್ತು ಎಂಪೆಗ್-2ಕ್ಕೆ ಅಲ್ಲಿಯೇ ಉಚಿತವಾದವು ಇವೆ. ಕೋಡೆಕ್ ಹಾಕಲೇಬೇಕೆಂದಿದ್ದರೆ ನಾನು ಒಪ್ಪುವ ಬಾಗಿಲು ಅದೊಂದೇ.

ಮನೆಯಲ್ಲಿ ಐಫೋನ್ ಇದ್ದರೆ ಬುಡದಲ್ಲೇ ಸರಿಮಾಡಬಹುದು. 2017ರ ಐಒಎಸ್ 11ರಿಂದ ಅದು ಎಚ್‌ಇವಿಸಿಯಲ್ಲೇ ಹಿಡಿಯುತ್ತದೆ. ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್, ಅಲ್ಲಿ ಮೋಸ್ಟ್ ಕಂಪ್ಯಾಟಿಬಲ್. ಜಾಗ ಹೆಚ್ಚು ತಿನ್ನುತ್ತದೆ, ಆದರೆ ಎಲ್ಲಿಗೆ ಕಳಿಸಿದರೂ ಓಡುತ್ತದೆ.

ಓಡುತ್ತದೆ ಆದರೆ ತಡವರಿಸುತ್ತದೆ, ಫ್ಯಾನ್ ಗುಂಯ್‌ಗುಡುತ್ತದೆ ಎಂದಾದರೆ ಅದು ಕೋಡೆಕ್ ಕೊರತೆಯಲ್ಲ, ಯಂತ್ರದ ಶಕ್ತಿಯ ಕೊರತೆ. ಇಂಟೆಲ್‌ನ ಆರನೇ ಪೀಳಿಗೆಯ ಪ್ರೊಸೆಸರಿನಿಂದ ಎಚ್.265ನ್ನು ಚಿಪ್ಪೇ ಬಿಚ್ಚುತ್ತದೆ, ಅದರ 10 ಬಿಟ್ ಬಗೆಯನ್ನು ಏಳನೆಯದರಿಂದ. ಅದಕ್ಕಿಂತ ಹಳೆಯದಾದರೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಎಚ್.264, 720 ಗೆರೆಗೆ ಇಳಿಸಿ ಇಟ್ಟುಕೊಳ್ಳಿ, ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆಗೆ ಆಗಿರುತ್ತದೆ. ಚಿತ್ರ ಹಸಿರು ಅಥವಾ ಗುಲಾಬಿಯಾಗಿ ಚೂರುಚೂರಾದರೆ ಗ್ರಾಫಿಕ್ಸ್ ಡ್ರೈವರನ್ನು ಹೊಸದು ಮಾಡಿ. ಅಲ್ಲಿಯವರೆಗೆ ವಿಎಲ್‌ಸಿಯ ಪ್ರಿಫರೆನ್ಸಸ್, ಇನ್‌ಪುಟ್/ಕೋಡೆಕ್ಸ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗನ್ನು ಆಫ್ ಮಾಡಿ.

ಯುರೋಪಿನಿಂದ ಯಾರಾದರೂ ತಂದ ಲ್ಯಾಪ್‌ಟಾಪಾದರೆ ವಿಂಡೋಸಿನ ಹೆಸರಿನ ಕೊನೆಗೆ ಎನ್ ಅಕ್ಷರ ಇದೆಯೇ ನೋಡಿ. ಅದರಲ್ಲಿ ಮೀಡಿಯಾ ಭಾಗವನ್ನೇ ತೆಗೆದಿರುತ್ತಾರೆ. ಸೆಟ್ಟಿಂಗ್ಸ್‌ನ ಆಪ್ಶನಲ್ ಫೀಚರ್ಸ್‌ನಿಂದ ಮೀಡಿಯಾ ಫೀಚರ್ ಪ್ಯಾಕ್ ಸೇರಿಸಿದರೆ ಸರಿ.

ಆಗಲೇ ಹಾಕಿ ಕೆಟ್ಟಿದ್ದರೆ

ಇಲ್ಲಿ ಅವಸರ ಬೇಡ. ಕಾಗದ, ಪೆನ್ನು ತೆಗೆದುಕೊಳ್ಳಿ.

ಫೋಲ್ಡರ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದ್ದರೆ, ಅಥವಾ ಕಾಮ್ ಸರೊಗೇಟ್ ನಿಂತುಹೋಗಿದೆ ಎಂಬ ಸಂದೇಶ ಬರುತ್ತಿದ್ದರೆ ಮೊದಲು ಉಸಿರಾಡಲು ಜಾಗ ಮಾಡಿಕೊಳ್ಳಿ. ಕಂಟ್ರೋಲ್ ಪ್ಯಾನೆಲಿನ ಫೈಲ್ ಎಕ್ಸ್‌ಪ್ಲೋರರ್ ಆಪ್ಶನ್ಸ್, ಅದರ ವ್ಯೂ ಪುಟದಲ್ಲಿ ‘ಯಾವಾಗಲೂ ಐಕಾನ್ ತೋರಿಸು, ಥಂಬ್‌ನೇಲ್ ಬೇಡ’ ಎಂಬ ಅರ್ಥದ ಸಾಲಿಗೆ ಗುರುತು ಹಾಕಿ. ಪುಟ್ಟ ಚಿತ್ರ ತೆಗೆಯಲು ವಿಂಡೋಸ್ ಆ ಕೆಟ್ಟ ಕೋಡೆಕ್ಕನ್ನು ಕರೆಯುತ್ತಿದ್ದುದೇ ಕಾರಣ, ಕರೆಯುವುದನ್ನು ನಿಲ್ಲಿಸಿದಿರಿ. ಇದು ಗುಣವಲ್ಲ, ಜ್ವರಕ್ಕೆ ಒದ್ದೆ ಬಟ್ಟೆ ಇಟ್ಟ ಹಾಗೆ.

ಆಮೇಲೆ ಒಂದು ರಿಸ್ಟೋರ್ ಪಾಯಿಂಟ್ ಮಾಡಿ, ಅಂದರೆ ಬೇಕಾದರೆ ಹಿಂದಿರುಗಲು ವಿಂಡೋಸಿನ ಈಗಿನ ಸ್ಥಿತಿಯ ಗುರುತು. ಎಷ್ಟೋ ವಿಂಡೋಸ್ 10 ಕಂಪ್ಯೂಟರುಗಳಲ್ಲಿ ಸಿಸ್ಟಮ್ ಪ್ರೊಟೆಕ್ಷನ್ ಆಫ್ ಆಗಿಯೇ ಇರುತ್ತದೆ, ಆನ್ ಮಾಡಿ ಮಾಡಬೇಕು. ಹಾಗೆಯೇ, ಪ್ಯಾಕ್ ಹಾಕುವ ಹಿಂದಿನ ದಿನದ ಪಾಯಿಂಟ್ ಏನಾದರೂ ಸಿಕ್ಕಿದರೆ ನಿಮ್ಮ ಪುಣ್ಯ. ಅದಕ್ಕೆ ಹಿಂದಿರುಗಿಬಿಡಿ, ಉಳಿದದ್ದು ಓದುವ ಅಗತ್ಯವೇ ಇಲ್ಲ. ನಿಮ್ಮ ಫೋಟೊ, ವಿಡಿಯೊಗಳಿಗೆ ಅದರಿಂದ ಏನೂ ಆಗುವುದಿಲ್ಲ. ನಡುವೆ ಹಾಕಿದ ತಂತ್ರಾಂಶಗಳು ಮಾತ್ರ ಹೋಗುತ್ತವೆ.

ಸಿಗದಿದ್ದರೆ ಕೈಯಿಂದಲೇ ಬಿಡಿಸಬೇಕು. ಕಂಟ್ರೋಲ್ ಪ್ಯಾನೆಲಿನ ಪ್ರೋಗ್ರಾಮ್ಸ್ ಪಟ್ಟಿಯನ್ನು ಹಾಕಿದ ದಿನಾಂಕದ ಪ್ರಕಾರ ಜೋಡಿಸಿ. ಹೆಸರಿನಲ್ಲಿ ಕೋಡೆಕ್, ಫಿಲ್ಟರ್, ಸ್ಪ್ಲಿಟರ್ ಎಂದಿರುವುದನ್ನೆಲ್ಲ ಕಾಗದದಲ್ಲಿ ಬರೆದುಕೊಳ್ಳಿ. ಕೊನೆಗೆ ಹಾಕಿದ್ದನ್ನು ಮೊದಲು ತೆಗೆಯಬೇಕು, ಅಟ್ಟದ ಮೇಲೆ ಒಂದರ ಮೇಲೊಂದು ಇಟ್ಟ ಪಾತ್ರೆ ಇಳಿಸುವ ಹಾಗೆ. ಕಾರಣವಿದೆ: ಎರಡನೆಯ ಪ್ಯಾಕ್ ಮೊದಲನೆಯದರ ಗುರುತನ್ನು ಅಳಿಸಿ ತನ್ನದನ್ನು ಬರೆದಿರುತ್ತದೆ, ಅಡಿಯಿಂದ ಎಳೆದರೆ ಮೇಲಿನದು ಯಾರದೋ ಜಾಗಕ್ಕೆ ಬೆರಳು ತೋರಿಸುತ್ತ ನಿಲ್ಲುತ್ತದೆ. ಒಂದೊಂದನ್ನು ತೆಗೆದ ಮೇಲೂ ರಿಸ್ಟಾರ್ಟ್ ಮಾಡಿ. ‘ಆಮೇಲೆ ಒಟ್ಟಿಗೆ ಮಾಡಿದರಾಯಿತು’ ಎಂದು ಮೂರನೇ ಮಹಡಿಯ ಹುಡುಗನೂ ಕೇಳಿದ. ಬೇಡ. ಬಳಕೆಯಲ್ಲಿರುವ ಫೈಲುಗಳು ರಿಸ್ಟಾರ್ಟ್ ಆದಾಗಲೇ ಅಳಿಯುವುದು.

ತೆಗೆದ ಮೇಲೂ ಗಡಿಯಾರದ ಪಕ್ಕ ಚಿಹ್ನೆ ಮತ್ತೆ ಕಾಣಿಸಿದರೆ, ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವ ಹಾಗೆ, ಆಗ ಮೈಕ್ರೋಸಾಫ್ಟಿನದೇ ಆದ ಆಟೊರನ್ಸ್ ಎಂಬ ಸಾಧನ ಇಳಿಸಿಕೊಳ್ಳಿ. ಅದರಲ್ಲಿ ಕೋಡೆಕ್ಸ್ ಎಂಬ ಪ್ರತ್ಯೇಕ ಪುಟವಿದೆ. ಆಪ್ಶನ್ಸ್ ಮೆನುವಿನಿಂದ ಮೈಕ್ರೋಸಾಫ್ಟಿನ ಸ್ವಂತದವನ್ನು ಮರೆಮಾಡಿದರೆ ಹೊರಗಿನವರು ಮಾತ್ರ ಉಳಿಯುತ್ತಾರೆ. ಹಳದಿ ಬಣ್ಣದ ಸಾಲು ಕಂಡರೆ ಅದರ ಫೈಲ್ ಹೋಗಿದೆ, ಗುರುತು ಮಾತ್ರ ಉಳಿದಿದೆ ಎಂದರ್ಥ. ಅಳಿಸಬೇಡಿ, ಎದುರಿನ ಟಿಕ್ ಗುರುತು ತೆಗೆಯಿರಿ ಸಾಕು. ತಪ್ಪಿದರೆ ಮತ್ತೆ ಹಾಕಬಹುದು. ಮೂರನೇ ಮಹಡಿಯಲ್ಲಿ ತಲೆಕೆಳಗಾಗಿದ್ದ ಭಟ್ಟರು ಎದ್ದು ನಿಂತದ್ದು ಈ ಪುಟದಲ್ಲಿ ಒಂದು ಟಿಕ್ ತೆಗೆದ ಮೇಲೆಯೇ.

ಕೊನೆಗೆ, ವಿಂಡೋಸ್ 10 ಆದರೆ ಕಂಟ್ರೋಲ್ ಪ್ಯಾನೆಲಿನ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಮೀಡಿಯಾ ಫೀಚರ್ಸ್‌ನ ಟಿಕ್ ತೆಗೆದು, ರಿಸ್ಟಾರ್ಟ್ ಮಾಡಿ, ಮತ್ತೆ ಹಾಕಿ. ವಿಂಡೋಸಿನ ಸ್ವಂತ ಪ್ಲೇಯರ್ ಹೊಸದಾಗಿ ಕೂರುತ್ತದೆ. ಈಗ ಥಂಬ್‌ನೇಲ್ ಸೆಟ್ಟಿಂಗನ್ನು ಮೊದಲಿನ ಹಾಗೆ ಮಾಡಿ ಫೋಲ್ಡರ್ ತೆರೆದು ನೋಡಿ.

ಧ್ವನಿಯ ತಕರಾರು

ಹಿನ್ನೆಲೆ ಸಂಗೀತ ಜೋರು, ಮಾತು ಮಾತ್ರ ಪಿಸುಪಿಸು ಎಂದರೆ ಧ್ವನಿ ಆರು ಚಾನೆಲಿನದು, ನಿಮ್ಮ ಸ್ಪೀಕರು ಎರಡು. ಮಾತು ಇರುವುದು ನಡುವಿನ ಚಾನೆಲಿನಲ್ಲಿ. ವಿಂಡೋಸಿನ ಸೌಂಡ್ ಸೆಟ್ಟಿಂಗಿನಲ್ಲಿ ಸ್ಪೀಕರ್ ಬಗೆ ಸ್ಟೀರಿಯೊ ಎಂದೇ ಇದೆಯೇ ನೋಡಿ. ಯಾರೋ 5.1 ಎಂದು ಒತ್ತಿರುತ್ತಾರೆ.

ಹಳೆಯ ವಿಸಿಡಿಗಳಲ್ಲಿ, ಭಜನೆಯ ರೆಕಾರ್ಡಿಂಗುಗಳಲ್ಲಿ ಹಾಡು ಒಂದೇ ಕಿವಿಗೆ ಕೇಳುವುದುಂಟು. ವಿಎಲ್‌ಸಿಯ ಆಡಿಯೊ ಮೆನುವಿನಲ್ಲಿ ಸ್ಟೀರಿಯೊ ಮೋಡ್ ಎಂದಿದೆ. ಲೆಫ್ಟ್ ಅಥವಾ ರೈಟ್ ಆರಿಸಿದರೆ ಆ ಬದಿಯದು ಎರಡೂ ಕಡೆ ಕೇಳುತ್ತದೆ. ವಿಸಿಡಿಯೊಳಗಿನ ಡಿಎಟಿ ಫೈಲಿನಲ್ಲಿರುವುದು ಎಂಪೆಗ್-1, ಅದಕ್ಕಾಗಿ ಪ್ಯಾಕ್ ಹುಡುಕಬೇಡಿ.

ತುಟಿ ಮುಂದೆ, ಮಾತು ಹಿಂದೆ ಓಡುತ್ತಿದ್ದರೆ ವಿಎಲ್‌ಸಿಯಲ್ಲಿ ಜೆ ಮತ್ತು ಕೆ ಕೀಲಿಗಳಿಂದ ಸ್ವಲ್ಪ ಸ್ವಲ್ಪವೇ ಸರಿಸಬಹುದು. ಮೊಬೈಲ್ ವಿಡಿಯೊವನ್ನು ಎಡಿಟ್ ಮಾಡುವಾಗ ಹೀಗಾದರೆ ಕಾರಣ ಬೇರೆ. ಮೊಬೈಲು ಬೆಳಕು ನೋಡಿಕೊಂಡು ಸೆಕೆಂಡಿನ ಚಿತ್ರಗಳ ಸಂಖ್ಯೆಯನ್ನು ಏರಿಸಿ ಇಳಿಸುತ್ತದೆ. ಹ್ಯಾಂಡ್‌ಬ್ರೇಕಿನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ ಒಮ್ಮೆ ಪರಿವರ್ತಿಸಿ, ಆಮೇಲೆ ಎಡಿಟಿಗೆ ಹಾಕಿ.

ಬ್ರೌಸರಿನೊಳಗೆ ಯಾರಾದರೂ ಕೋಡೆಕ್ ಕೇಳಿದರೆ

ಕೊಡಬೇಡಿ. ‘ಈ ವಿಡಿಯೊ ನೋಡಲು ಕೋಡೆಕ್ ಬೇಕು, ಇಲ್ಲಿ ಒತ್ತಿ’ ಎನ್ನುವುದು ಹಳೆಯ ಬಲೆ. 2005ರ ಕೊನೆಯಿಂದ ಹರಡಿದ ಝ್ಲಾಬ್ ಎಂಬ ಕಳ್ಳ ತಂತ್ರಾಂಶ ಕೋಡೆಕ್ಕಿನ ವೇಷ ಹಾಕಿಕೊಂಡೇ ಬರುತ್ತಿತ್ತು. ಅದೇ ಬಳಗದ ಇನ್ನೊಂದು, ಯಾವ ತಾಣ ಎಲ್ಲಿದೆ ಎಂದು ಕಂಪ್ಯೂಟರಿಗೆ ದಾರಿ ಹೇಳುವ ಡಿಎನ್‌ಎಸ್ ವಿಳಾಸವನ್ನೇ ಬದಲಿಸಿ ನೀವು ಹೋಗಬೇಕೆಂದ ತಾಣಕ್ಕೆ ಬದಲು ತನಗೆ ಬೇಕಾದಲ್ಲಿಗೆ ಕರೆದೊಯ್ಯುತ್ತಿತ್ತು. ಇಂದಿನ ಬ್ರೌಸರುಗಳು ತಮಗೆ ಬೇಕಾದ ಕೋಡೆಕ್ಕನ್ನು ತಾವೇ ನೋಡಿಕೊಳ್ಳುತ್ತವೆ, ತಾಣವೊಂದು ಕೇಳುತ್ತಿದೆ ಎಂದರೆ ಆ ತಾಣವೇ ಸರಿಯಿಲ್ಲ.

ಒತ್ತಿಬಿಟ್ಟಿದ್ದರೆ ಇಂಟರ್ನೆಟ್ ಕಳಚಿ, ವಿಂಡೋಸ್ ಸೆಕ್ಯೂರಿಟಿಯ ಸ್ಕ್ಯಾನ್ ಆಪ್ಶನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ನೆಟ್‌ವರ್ಕ್ ಅಡಾಪ್ಟರಿನ ಐಪಿವಿ4 ಗುಣಲಕ್ಷಣಗಳಲ್ಲಿ ಡಿಎನ್‌ಎಸ್ ತಾನಾಗಿ ಪಡೆಯುವಂತೆ ಇದೆಯೇ ನೋಡಿ. ಬ್ಯಾಂಕಿನ ಪಾಸ್‌ವರ್ಡನ್ನು ಬೇರೆ ಸಾಧನದಿಂದ ಬದಲಿಸಿ, ಆ ಕಂಪ್ಯೂಟರಿನಿಂದ ಅಲ್ಲ.

ಸೊಸೈಟಿಯ ಸಿಸಿಟಿವಿ

ಇದು ಮುಂಬಯಿಯ ತಲೆನೋವು. ಗಾಡಿಗೆ ಯಾರೋ ಗೀರಿದ್ದಾರೆ, ಸೈಕಲ್ ಹೋಗಿದೆ, ಕಾರ್ಯದರ್ಶಿಯವರು ಡಿವಿಆರ್‌ನಿಂದ, ಅಂದರೆ ಕ್ಯಾಮೆರಾ ಹಿಡಿದದ್ದನ್ನು ಕೂಡಿಡುವ ಪೆಟ್ಟಿಗೆಯಿಂದ, ತುಣುಕು ತೆಗೆದು ಕೊಡುತ್ತಾರೆ. ಮನೆಗೆ ತಂದರೆ ಫೈಲಿನ ಕೊನೆಗೆ ಡಿಎವಿ ಎಂದೋ ಬರಿ 264 ಎಂದೋ ಇರುತ್ತದೆ. ಯಾವುದರಲ್ಲೂ ಓಡುವುದಿಲ್ಲ. ಕೋಡೆಕ್ ಹುಡುಕಲು ಜನ ಹೊರಡುವುದು ಇಲ್ಲಿಯೇ, ಸಿಕ್ಕಿಬೀಳುವುದೂ ಇಲ್ಲಿಯೇ. ಒಳಗಿರುವುದು ಹೆಚ್ಚಾಗಿ ಮಾಮೂಲಿ ಎಚ್.264 ಅಥವಾ ಎಚ್.265. ಡಬ್ಬಿ ಮಾತ್ರ ಆ ತಯಾರಕರದ್ದೇ. ಆದ್ದರಿಂದ ತುಣುಕು ತೆಗೆಯುವಾಗಲೇ ಡಿವಿಆರ್‌ನ ಬ್ಯಾಕಪ್ ಪುಟದಲ್ಲಿ ಎಂಪಿ4 ಅಥವಾ ಎವಿಐ ಆಯ್ಕೆ ಇದೆಯೇ ನೋಡಿ. ಇಲ್ಲದಿದ್ದರೆ ಅದೇ ಪೆನ್‌ಡ್ರೈವಿಗೆ ತಯಾರಕರ ಪ್ಲೇಯರನ್ನೂ ಡಿವಿಆರ್ ಹಾಕಿಕೊಡುತ್ತದೆಯೇ ನೋಡಿ, ಎಷ್ಟೋ ಡಿವಿಆರ್‌ಗಳು ಕೊಡುತ್ತವೆ. ಅದೂ ಇಲ್ಲವಾದರೆ ತಯಾರಕರ ತಾಣದಿಂದ, ಆ ಮಾಡೆಲ್ ಸಂಖ್ಯೆಗೆ ಹೊಂದುವ ಪ್ಲೇಯರನ್ನೇ ಇಳಿಸಿ. ಡಿವಿಆರ್‌ನ ತಳದಲ್ಲೋ ಹಿಂಬದಿಯಲ್ಲೋ ಸಾಮಾನ್ಯವಾಗಿ ಮಾಡೆಲ್ ಚೀಟಿ ಇರುತ್ತದೆ, ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಿ.

ಪೊಲೀಸರಿಗೆ ಕೊಡಬೇಕಾದ ತುಣುಕಾದರೆ ಡಿವಿಆರ್ ಕೊಟ್ಟ ಮೂಲ ಫೈಲನ್ನು ಹಾಗೇ ಇಡಿ, ಎಂಪಿ4 ಮಾಡುವುದೆಲ್ಲ ನಕಲಿನ ಮೇಲೆ. ಡಿವಿಆರ್‌ನ ಡಿಸ್ಕ್ ತುಂಬಿದ ಕೂಡಲೇ ಹಳೆಯದರ ಮೇಲೆ ಹೊಸದು ಬರೆಯುತ್ತದೆ. ಕೋಡೆಕ್ ಹುಡುಕುತ್ತ ಎರಡು ವಾರ ಕಳೆದರೆ ಸೈಕಲ್ ಜೊತೆ ದೃಶ್ಯವೂ ಹೋಗಿರುತ್ತದೆ. ಓಡಲಿ ಬಿಡಲಿ, ತುಣುಕನ್ನು ಅವತ್ತೇ ತೆಗೆದಿಡಿ.